ದಿನಚರಿಯ ಹಾದಿ: ಲೆಕ್ಕದಿಂದ ಮನಸ್ಸಿಗೆ

ನಮ್ಮ ತೀರ್ಥರೂಪರು ಕಾಸರಗೋಡು ಸೀಮೆಯ ಒಬ್ಬ ಸಾಧಾರಣ ಅಡಿಕೆ ಕೃಷಿಕರು. ರಾತ್ರಿ ಊಟವಾದ ಮೇಲೆ ಲಾಟೀನಿನ ಬೆಳಕಿನಲ್ಲಿ ಉದ್ದನೆಯ ಪುಸ್ತಕವೊಂದನ್ನು ತೆರೆದು ಅಂದಂದಿನ ವಿವರಗಳನ್ನು ಬರೆದಿಡುವುದು ಅವರ ಕ್ರಮವಾಗಿತ್ತು. ಆಳುಗಳ ಸಂಬಳ, ಮಾರಿದ ಅಡಿಕೆಯ ತೂಕ, ತೋಟಕ್ಕೆ ಮದ್ದು ಬಿಟ್ಟ ದಿನ, ಮಳೆಯ ಸ್ಥಿತಿ, ಇಷ್ಟೇ. ಅವರ ಕಾಲಾನಂತರ ಆ ಪುಸ್ತಕಗಳು ನಮ್ಮ ಕೈಸೇರಿದವು. ನಮ್ಮ ತಮ್ಮನೊಬ್ಬ ನಾಲ್ಕನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡ ದಿನದ ಪುಟವನ್ನು ನಾವು ಹುಡುಕಿ ತೆಗೆದೆವು. ಅಲ್ಲಿದ್ದುದು ಎರಡೇ ವಾಕ್ಯ: "ಮಗು ಹೋಯಿತು. ಮಳೆ ಜೋರು." ಮುಂದೆ ಹನ್ನೊಂದು ದಿನ ಪುಟಗಳು ಖಾಲಿ. ಹನ್ನೆರಡನೆಯ ದಿನ ಮತ್ತೆ ಆಳುಗಳ ಲೆಕ್ಕ.

ಅಪ್ಪನಿಗೆ ಕಣ್ಣೀರೇ ಇರಲಿಲ್ಲವೆಂದು ಬಾಲ್ಯದಲ್ಲಿ ಭಾವಿಸಿದ್ದ ನಮಗೆ ಆ ಹನ್ನೊಂದು ಖಾಲಿ ಪುಟಗಳು ಬೇರೆ ಮಾತನ್ನು ಹೇಳಿದವು. ದುಃಖವಿತ್ತು; ಅದನ್ನು ಬರೆಯುವ ರೂಢಿ ಇರಲಿಲ್ಲ. ಬರೆದರೆ ಹಗುರವಾದೀತೆಂದು ಅವರಿಗೆ ಹೇಳಿದವರೂ ಇರಲಿಲ್ಲ. ಮನುಷ್ಯನು ತನ್ನ ದಿನದ ಲೆಕ್ಕದ ಜೊತೆಗೆ ಮನಸ್ಸಿನ ಲೆಕ್ಕವನ್ನೂ ಬರೆಯಲು ಕಲಿತ ಬಗೆ ಹೇಗೆ, ಅದರಿಂದ ಅವನಿಗಾದ ಪ್ರಯೋಜನವೇನು ಎಂಬುದನ್ನು ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಬರೆದಿಡುವ ಅಭ್ಯಾಸ ನಮ್ಮವರಿಗೆ ಹೊಸದಲ್ಲ. ಕನ್ನಡ ನಾಡಿನ ಶಾನುಭೋಗರೂ ವರ್ತಕರೂ ಕಡತಗಳನ್ನು ಇಟ್ಟುಕೊಂಡಿದ್ದರು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವದು. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಆದರೆ ಅದು ಸಾಲ, ಜಮೀನು, ಕಂದಾಯಗಳ ಲೆಕ್ಕಕ್ಕೆ ಮೀಸಲಾಗಿತ್ತು.

ಮನಸ್ಸಿನ ಲೆಕ್ಕವನ್ನು ಬರೆದ ಪ್ರಾಚೀನರಲ್ಲಿ ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಪ್ರಸಿದ್ಧನು. ಕ್ರಿ.ಶ. 161ರಿಂದ 180ರವರೆಗೆ ಆಳಿದ ಅವನ ಕೊನೆಯ ವರ್ಷಗಳ ಬಹುಭಾಗ ಡಾನ್ಯೂಬ್ ನದಿಯ ಗಡಿಯಲ್ಲಿ ಯುದ್ಧದ ಶಿಬಿರಗಳಲ್ಲಿಯೇ ಕಳೆಯಿತು. ರಾಜ್ಯವನ್ನು ಸಾಂಕ್ರಾಮಿಕ ರೋಗವೂ ಕಾಡುತ್ತಿತ್ತು. ಆ ನಡುವೆ ಅವನು ತನಗೆ ತಾನೇ ಬುದ್ಧಿ ಹೇಳಿಕೊಳ್ಳುವ ಟಿಪ್ಪಣಿಗಳನ್ನು ಬರೆದನು. ಕೋಪವನ್ನು ತಡೆಯುವುದು ಹೇಗೆ, ಸಾವಿಗೆ ಹೆದರದಿರುವುದು ಹೇಗೆ ಎಂಬುವೇ ಅದರ ವಿಷಯ. ಲೋಕವನ್ನೇ ಆಳುವವನಿಗೂ ತನ್ನ ಮನಸ್ಸನ್ನು ಆಳಲು ಬರವಣಿಗೆಯ ಆಸರೆ ಬೇಕಾಯಿತು.

ಇಂಗ್ಲೆಂಡಿನ ಸ್ಯಾಮುಯೆಲ್ ಪೆಪಿಸ್ ನೌಕಾಪಡೆಯ ಆಡಳಿತ ಕಚೇರಿಯ ಅಧಿಕಾರಿ. 1660ರ ಜನವರಿ 1ರಂದು ಆರಂಭಿಸಿ 1669ರ ಮೇ 31ರವರೆಗೆ ದಿನಚರಿ ಬರೆದನು. 1665ರ ಪ್ಲೇಗನ್ನೂ 1666ರ ಲಂಡನ್ ಬೆಂಕಿಯನ್ನೂ ಕಣ್ಣಾರೆ ಕಂಡು ದಾಖಲಿಸಿದನು. ಅದಕ್ಕಿಂತ ಮುಖ್ಯವಾಗಿ ತನ್ನ ಅಸೂಯೆ, ಭಯ, ಹೆಂಡತಿಯೊಡನೆ ಆಡಿದ ಜಗಳ, ಆಮೇಲಿನ ಪಶ್ಚಾತ್ತಾಪ ಎಲ್ಲವನ್ನೂ ಮುಚ್ಚಿಡದೆ ಬರೆದನು. ಬೇರೆಯವರಿಗೆ ಸುಲಭವಾಗಿ ತಿಳಿಯದಂತೆ ಶೀಘ್ರಲಿಪಿಯನ್ನು ಬಳಸಿದನು. ದೃಷ್ಟಿ ಹೋದೀತೆಂಬ ಭಯದಿಂದ ಬರೆಯುವುದನ್ನು ನಿಲ್ಲಿಸಿದನು. ಆ ದಿನಚರಿ ಮೊದಲು ಅಚ್ಚಾದುದು 1825ರಲ್ಲಿ. ಯಾರೂ ಓದಲಾರರೆಂಬ ಧೈರ್ಯವೇ ಅವನ ಲೇಖನಿಗೆ ಸತ್ಯವನ್ನು ಕೊಟ್ಟಿರಬೇಕೆಂದು ನಮ್ಮ ಭಾವನೆ.

ನಮ್ಮ ನೆರೆಯ ಪುದುಚೇರಿಯಲ್ಲಿ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ, ಸುಮಾರು ಇಪ್ಪತ್ತೈದು ವರ್ಷ, ದಿನಚರಿ ಬರೆದರು. ಫ್ರೆಂಚ್ ಗವರ್ನರ್ ಡ್ಯೂಪ್ಲೆಯ ದುಭಾಷಿಯಾಗಿದ್ದ ಅವರ ಪುಸ್ತಕದಲ್ಲಿ ಹಡಗು, ವ್ಯಾಪಾರ, ಯುದ್ಧಗಳ ನಡುವೆ ಸ್ವಂತ ಆತಂಕಗಳೂ ಕಾಣಿಸುತ್ತವೆ. ಹಗಲೆಲ್ಲ ಫ್ರೆಂಚರ ಸೇವೆಯಲ್ಲಿದ್ದರೂ ದಿನಚರಿಗೆ ಅವರು ಆರಿಸಿಕೊಂಡುದು ತಮಿಳನ್ನು. ಹೊರಗಿನ ಕೆಲಸಕ್ಕೆ ಒಂದು ಭಾಷೆ, ಒಳಗಿನ ಮಾತಿಗೆ ಇನ್ನೊಂದು. ಗಡಿನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಿನಚರಿಯು ಜೀವಕ್ಕೆ ಜೊತೆಗಾರನಾಗಬಲ್ಲುದೆಂಬುದನ್ನು ಜಗತ್ತಿಗೆ ತೋರಿಸಿದವಳು ಆನ್ ಫ್ರಾಂಕ್. 1942ರ ಜೂನ್ 12ರಂದು, ತನ್ನ ಹದಿಮೂರನೆಯ ಹುಟ್ಟುಹಬ್ಬಕ್ಕೆ, ಅವಳಿಗೆ ಒಂದು ಪುಸ್ತಕ ಉಡುಗೊರೆಯಾಗಿ ಬಂತು. ಮುಂದಿನ ತಿಂಗಳೇ ನಾಜಿಗಳ ಭಯದಿಂದ ಆ ಯಹೂದಿ ಕುಟುಂಬ ಆಮ್‌ಸ್ಟರ್‌ಡ್ಯಾಮ್ ನಗರದ ಕಟ್ಟಡವೊಂದರ ಹಿಂಭಾಗದಲ್ಲಿ ಅಡಗಿಕೊಳ್ಳಬೇಕಾಯಿತು. ಎರಡು ವರ್ಷಕ್ಕೂ ಮಿಕ್ಕಿ ಹೊರಗೆ ಕಾಲಿಡಲಾಗದ ಬಾಲಿಕೆ, ಆ ಪುಸ್ತಕವನ್ನು ಕಿಟಿ ಎಂಬ ಗೆಳತಿಯೆಂದು ಕಲ್ಪಿಸಿಕೊಂಡು ಮಾತಾಡಿದಳು. ಕೊನೆಯ ಬರಹ 1944ರ ಆಗಸ್ಟ್ 1ರದು. ಮೂರು ದಿನಗಳಲ್ಲಿ ಅವರು ಬಂಧಿತರಾದರು. 1945ರಲ್ಲಿ ಅವಳು ಬಂದೀಖಾನೆಯಲ್ಲಿ ಸತ್ತಳು. ದಿನಚರಿ ಅವಳ ಪ್ರಾಣವನ್ನು ಉಳಿಸಲಿಲ್ಲ. ಪ್ರಾಣವಿರುವಷ್ಟು ಕಾಲ ಅವಳ ಮನಸ್ಸನ್ನು ಕಾಪಾಡಿತು.

ಇದು ಬರಿಯ ನಂಬಿಕೆಯೋ ನಿಜವೋ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನೆಬೇಕರ್ ಪರೀಕ್ಷಿಸಿದರು. 1986ರಲ್ಲಿ ಪ್ರಕಟವಾದ ಅವರ ಮತ್ತು ಸಾಂಡ್ರಾ ಬೀಲ್ ಅವರ ಅಧ್ಯಯನದಲ್ಲಿ 46 ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆದರು. ಕೆಲವರು ಸಾಮಾನ್ಯ ವಿಷಯವನ್ನೂ, ಕೆಲವರು ತಮ್ಮ ಬದುಕಿನ ಕಹಿ ಘಟನೆಯನ್ನೂ ಬರೆದರು. ಘಟನೆಯನ್ನೂ ಅದರ ನೋವನ್ನೂ ಕೂಡಿಸಿ ಬರೆದವರಿಗೆ ಆ ಹೊತ್ತಿಗೆ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿಗೆ ಹೋದುದು ಕಡಿಮೆ. ಪೆನೆಬೇಕರ್ ತಂಡದ ಮುಂದಿನ ಸಂಶೋಧನೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ದಿನದಿಂದ ದಿನಕ್ಕೆ ಯಾರ ಬರಹದಲ್ಲಿ "ಏಕೆಂದರೆ", "ಈಗ ತಿಳಿಯಿತು" ಎಂಬ ಬಗೆಯ ಮಾತುಗಳು ಹೆಚ್ಚಾದವೋ ಅವರಿಗೆ ಹೆಚ್ಚು ಪ್ರಯೋಜನವಾಯಿತು. ಇಂತಹ 146 ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಮರ್ಶೆಯೊಂದು ಪ್ರಯೋಜನ ಉಂಟೆಂದೂ, ಆದರೆ ಅದು ಸರಾಸರಿಯಲ್ಲಿ ಅಲ್ಪವೆಂದೂ ತೋರಿಸಿತು. ಆದುದರಿಂದ ದಿನಚರಿಯನ್ನು ಸರ್ವರೋಗದ ಮದ್ದೆಂದು ಯಾರೂ ಭ್ರಮಿಸಬಾರದು. ಬರೆದಷ್ಟೂ ಮನಸ್ಸು ಕುಸಿಯುವುದಾದರೆ ಪುಸ್ತಕವನ್ನು ಮುಚ್ಚಿ ವೈದ್ಯರನ್ನು ಕಾಣುವುದೇ ವಿವೇಕ.

"ಏಕೆಂದರೆ" ಎಂಬ ಮಾತಿನ ಬೆಲೆ ನಮಗೆ ಅನುಭವದಿಂದ ತಿಳಿಯಿತು. ನಿವೃತ್ತಿಯಾದ ಕೆಲವು ವರ್ಷಗಳಲ್ಲಿ ನಮ್ಮ ಮನೆಯವರು ತೀರಿಕೊಂಡರು. ನಿದ್ರೆ ಬಾರದಾಯಿತು. ವೈದ್ಯರು ಔಷಧದ ಜೊತೆಗೆ, ರಾತ್ರಿ ನಾಲ್ಕು ಸಾಲು ಬರೆಯಿರೆಂದರು. ಮೊದಲ ತಿಂಗಳು ನಾವು ಬರೆದುದು ಒಂದೇ ದೂರು: ಮನೆ ಖಾಲಿ, ಮಕ್ಕಳು ದೂರ. ಒಂದು ರಾತ್ರಿ ಮಾತ್ರ, "ಸಂಜೆಯ ಹೊತ್ತೇ ಹೆಚ್ಚು ಕಷ್ಟ, ಏಕೆಂದರೆ ಮೂವತ್ತೆಂಟು ವರ್ಷ ಆ ಹೊತ್ತಿಗೆ ಜಗಲಿಯಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದೆವು" ಎಂದು ಬರೆದೆವು. ದುಃಖ ಹೋಗಲಿಲ್ಲ, ಅದು ಎಲ್ಲಿ ಕೂತಿದೆಯೆಂಬುದು ತಿಳಿಯಿತು. ಮರುದಿನದಿಂದ ಸಂಜೆ ಗ್ರಂಥಾಲಯಕ್ಕೆ ಹೋಗತೊಡಗಿದೆವು.

ಕೊನೆಗೆ ಒಂದು ಮಾತು. ದಿನಚರಿ ಮಾತೃಭಾಷೆಯಲ್ಲಿಯೇ ಇರಬೇಕೆಂಬ ನಿಯಮವನ್ನು ಇತಿಹಾಸ ಒಪ್ಪುವುದಿಲ್ಲ. ರೋಮಿನ ಚಕ್ರವರ್ತಿ ಬರೆದುದು ಗ್ರೀಕ್ ಭಾಷೆಯಲ್ಲಿ; ಜರ್ಮನಿಯಲ್ಲಿ ಹುಟ್ಟಿದ ಆನ್ ಬರೆದುದು ತಾನು ಶಾಲೆಯಲ್ಲಿ ಕಲಿತ ಡಚ್ ಭಾಷೆಯಲ್ಲಿ. ಮನಸ್ಸು ಯಾವ ಭಾಷೆಯಲ್ಲಿ ಸಲೀಸಾಗಿ ಹರಿಯುವುದೋ ಅದೇ ದಿನಚರಿಯ ಭಾಷೆ. ನಮ್ಮ ಮೊಮ್ಮಕ್ಕಳು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆದರೆ ಗದರಿಸುವುದು ತರವಲ್ಲ, ಬರೆಯಲಿ. ಆದರೆ ಕನ್ನಡವೂ ಅವರ ಮನಸ್ಸು ಹರಿಯುವ ಭಾಷೆಯಾಗಬೇಕಾದರೆ ಮನೆಯಲ್ಲಿ ನಾವು ಅವರೊಡನೆ ಸಂತೋಷವನ್ನೂ ಸಂಕಟವನ್ನೂ ಕನ್ನಡದಲ್ಲಿಯೇ ಹಂಚಿಕೊಂಡಿರಬೇಕು. ಅದು ನಮ್ಮ ಹೊಣೆ.

ಈ ಸಮ್ಮೇಳನದಿಂದ ಮರಳುವಾಗ ಪ್ರತಿಯೊಬ್ಬರೂ ಇನ್ನೂರು ಪುಟಗಳ ಒಂದು ಪುಸ್ತಕವನ್ನು ಕೊಂಡೊಯ್ಯಲಿ. ಮನೆಯವರು ಅದನ್ನು ಅನುಮತಿಯಿಲ್ಲದೆ ತೆರೆಯದಿರಲಿ. ನಮ್ಮ ತೀರ್ಥರೂಪರ ಆ ಹನ್ನೊಂದು ಪುಟಗಳು ಇಂದಿಗೂ ಖಾಲಿಯಾಗಿಯೇ ಇವೆ. ನಿಮ್ಮ ಪುಟಗಳು ಖಾಲಿ ಉಳಿಯದಿರಲೆಂಬುದೇ ನಮ್ಮ ಹಾರೈಕೆ.