ವೈದ್ಯಕೀಯ ಬಾಕಿ ಮತ್ತು ಅಮೆರಿಕದ ಗೃಹಸಾಲ ಅರ್ಹತೆ: ವರ್ಗೀಕರಣ ಕುರಿತ ಒಂದು ಟಿಪ್ಪಣಿ

1. ವ್ಯಾಪ್ತಿ

ಆಸ್ಪತ್ರೆಯ ಬಿಲ್ ಬಾಕಿಯಿದ್ದರೆ ಅಮೆರಿಕದಲ್ಲಿ ಗೃಹಸಾಲ ಸಿಗದು ಎಂಬುದೂ, ಆ ಬಾಕಿ ಲೆಕ್ಕಕ್ಕೇ ಬಾರದು ಎಂಬುದೂ ಚಾಲ್ತಿಯಲ್ಲಿರುವ ಅಭಿಪ್ರಾಯಗಳು. ನಿಯಮಗಳನ್ನು ದಿನಾಂಕವಾರು ಜೋಡಿಸಿದರೆ ಎರಡೂ ಭಾಗಶಃ ಸರಿ. ಬಾಕಿಯ ಮೊತ್ತಕ್ಕಿಂತ ಅದು ಯಾವ ವರ್ಗದಲ್ಲಿ ದಾಖಲಾಗಿದೆ ಎಂಬುದೇ ಹೆಚ್ಚು ನಿರ್ಣಾಯಕವೆಂದು ತೋರುತ್ತದೆ. ಇಲ್ಲಿ ವೈದ್ಯಕೀಯ ಬಾಕಿ ಎಂದರೆ ವಸೂಲಿ ಏಜೆನ್ಸಿಯ ಕೈಸೇರಿದ ಬಿಲ್ ಮಾತ್ರ. ಆಸ್ಪತ್ರೆಯ ಲೆಕ್ಕದಲ್ಲೇ ಉಳಿದದ್ದು ಸಾಮಾನ್ಯವಾಗಿ ಕ್ರೆಡಿಟ್ ವರದಿಗೆ ಬರುವುದಿಲ್ಲ.

2. ವರದಿಯ ಹಂತ

ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಕ್ರೆಡಿಟ್ ವರದಿ ಸಂಸ್ಥೆಗಳು 2017ರ ಸೆಪ್ಟೆಂಬರಿನಿಂದ ಇಂಥ ಬಾಕಿಯನ್ನು ವರದಿಗೆ ಸೇರಿಸುವ ಮುನ್ನ 180 ದಿನ ಕಾಯುತ್ತಿದ್ದವು. 2022ರ ಜುಲೈ 1ರಿಂದ ಆ ಅವಧಿ ಒಂದು ವರ್ಷವಾಯಿತು. ತೀರಿಸಿದ ಬಾಕಿಗಳು ವರದಿಯಿಂದ ಹೊರಬಿದ್ದದ್ದೂ ಆಗಲೇ. 500 ಡಾಲರಿಗಿಂತ ಕಡಿಮೆಯ ಬಾಕಿಗಳನ್ನು ತೆಗೆದುಹಾಕಿದ ಪ್ರಕಟಣೆ ಬಂದದ್ದು 2023ರ ಏಪ್ರಿಲ್ 11ರಂದು. ಈ ಎರಡು ದಿನಾಂಕಗಳನ್ನು ಒಂದೇ ಎಂಬಂತೆ ಬರೆಯುವುದು ಸರಿಯಲ್ಲ. 500ರ ಮಿತಿ ಮೊದಲು ವರದಿಯಾದ ಮೊತ್ತಕ್ಕೆ ಅನ್ವಯಿಸುತ್ತದೆ, ಈಗ ಉಳಿದಿರುವುದಕ್ಕಲ್ಲ: 620 ಡಾಲರಿನಲ್ಲಿ 200 ಕಟ್ಟಿ 420ಕ್ಕೆ ಇಳಿಸಿದವರು ಈ ವಿನಾಯಿತಿಯೊಳಗೆ ಬರುವುದಿಲ್ಲ.

ಇವು ಆ ಸಂಸ್ಥೆಗಳು ತಾವಾಗಿ ಒಪ್ಪಿಕೊಂಡ ಕ್ರಮಗಳು. ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ (ಸಿಎಫ್‌ಪಿಬಿ) ವೈದ್ಯಕೀಯ ಬಾಕಿಯನ್ನು ವರದಿಗಳಿಂದ ಪೂರ್ತಿ ಕೈಬಿಡಿಸಲು 2025ರ ಜನವರಿ 7ರಂದು ಪ್ರಕಟಿಸಿದ ನಿಯಮವನ್ನು ಟೆಕ್ಸಾಸ್ ಪೂರ್ವ ಜಿಲ್ಲೆಯ ಫೆಡರಲ್ ನ್ಯಾಯಾಲಯ ಅದೇ ವರ್ಷದ ಜುಲೈ 11ರಂದು ರದ್ದುಮಾಡಿತು. ಕೊಲೊರಾಡೊ, ನ್ಯೂಯಾರ್ಕ್ ರಾಜ್ಯಗಳು ಈ ಬಗ್ಗೆ 2023ರಲ್ಲೇ ಪ್ರತ್ಯೇಕ ಕಾನೂನು ಮಾಡಿವೆ.

ಕ್ರೆಡಿಟ್ ವರದಿಗಳಲ್ಲಿರುವ ವೈದ್ಯಕೀಯ ಬಾಕಿಯ ಒಟ್ಟು ಮೊತ್ತಗಳ ಬಗ್ಗೆ ಒಂದು ಎಚ್ಚರಿಕೆ. ಸಿಎಫ್‌ಪಿಬಿಯ 2022ರ ಮಾರ್ಚ್ ವರದಿಯಲ್ಲಿರುವುದು 8,800 ಕೋಟಿ ಡಾಲರ್. 2025ರ ನಿಯಮದ ಪ್ರಕಟಣೆಯಲ್ಲಿರುವುದು 4,900 ಕೋಟಿ. ಇವೆರಡರ ನಡುವೆ ಮೇಲಿನ ಕ್ರಮಗಳು ಜಾರಿಯಾಗಿರುವುದರಿಂದ, ಈ ವ್ಯತ್ಯಾಸವನ್ನು ಜನ ಬಾಕಿ ತೀರಿಸಿದ ಲೆಕ್ಕವೆಂದು ಓದಲಾಗದು.

3. ಸ್ಕೋರಿನ ಹಂತ

ಕ್ರೆಡಿಟ್ ಸ್ಕೋರ್ ಲೆಕ್ಕಹಾಕುವ ಫೈಕೊ 9 ಮಾದರಿ (2014) ವೈದ್ಯಕೀಯ ಬಾಕಿಗೆ ಕಡಿಮೆ ತೂಕ ಕೊಡುತ್ತದೆ. ಆದರೆ ಗೃಹಸಾಲದಲ್ಲಿ ರೂಢಿಯಲ್ಲಿ ಉಳಿದದ್ದು ಫೈಕೊ 2, 4 ಮತ್ತು 5 ಎಂಬ ಹಳೆಯ ಆವೃತ್ತಿಗಳು. ಅವು ಆಸ್ಪತ್ರೆಯ ಬಾಕಿಗೂ ಇತರ ವಸೂಲಿ ಖಾತೆಗೂ ಭೇದ ಮಾಡುವುದಿಲ್ಲ. ಹಾಗಾಗಿ ಮೊಬೈಲ್ ಆ್ಯಪ್‌ನಲ್ಲಿ ಕಾಣುವ ಸ್ಕೋರಿಗೂ ಬ್ಯಾಂಕಿನ ಮೇಜಿಗೆ ಬರುವ ಸ್ಕೋರಿಗೂ ಅಂತರವಿರಬಹುದು. ವೈದ್ಯಕೀಯ ವಸೂಲಿಯನ್ನು ಪೂರ್ತಿ ಕೈಬಿಟ್ಟಿರುವ ವ್ಯಾಂಟೇಜ್‌ಸ್ಕೋರ್ 4.0 ಬಳಕೆಗೆ ಅವಕಾಶ ನೀಡುವುದಾಗಿ ಫೆಡರಲ್ ವಸತಿ ಹಣಕಾಸು ಸಂಸ್ಥೆ ಪ್ರಕಟಿಸಿದ್ದು 2025ರ ಜುಲೈ 8ರಂದು.

4. ಅರ್ಹತೆಯ ಲೆಕ್ಕ

ಎಫ್‌ಎಚ್‌ಎ (ಫೆಡರಲ್ ವಸತಿ ಆಡಳಿತ) ವಿಮೆಯ ಸಾಲಗಳಲ್ಲಿ ಚಿತ್ರ ಬೇರೆ. ವಸೂಲಿ ಖಾತೆಗಳ ಒಟ್ಟು ಬಾಕಿ 2,000 ಡಾಲರ್ ಮುಟ್ಟಿದರೆ, ಅದನ್ನು ತೀರಿಸದೆ, ಕಂತಿನ ಒಪ್ಪಂದವೂ ಇಲ್ಲದಿದ್ದಾಗ, ಬಾಕಿಯ ಶೇ. 5ನ್ನು ತಿಂಗಳ ಹೊರೆಯಾಗಿ ಲೆಕ್ಕಕ್ಕೆ ಹಿಡಿಯಬೇಕು. ವೈದ್ಯಕೀಯ ಬಾಕಿ ಇದರಿಂದ ಹೊರಗೆ. ಈ ಭೇದ 2013ರ ಆಗಸ್ಟ್ 15ರ 2013-24 ಸಂಖ್ಯೆಯ ಸುತ್ತೋಲೆಯಲ್ಲಿದೆ, ಈಗಿನ 4000.1 ಕೈಪಿಡಿಯಲ್ಲೂ ಉಳಿದಿದೆ.

ಉದಾಹರಣೆಗೆ, ತಿಂಗಳಿಗೆ 5,000 ಡಾಲರ್ ಆದಾಯವಿರುವವರ ಮೇಲೆ 2,400 ಡಾಲರಿನ ವಸೂಲಿ ಖಾತೆ ಇದೆಯೆನ್ನೋಣ. ಅದು ಮೊಬೈಲ್ ಬಿಲ್ಲಿನದಾದರೆ ತಿಂಗಳಿಗೆ 120 ಡಾಲರ್, ಅಂದರೆ ಆದಾಯದ ಶೇ. 2.4, ಹೊರೆಗೆ ಸೇರುತ್ತದೆ, ಆಸ್ಪತ್ರೆಯದಾದರೆ ಸೊನ್ನೆ. ಈ ಭೇದ ನಿಂತಿರುವುದು ಬಹುಮಟ್ಟಿಗೆ ಬಾಕಿಯನ್ನು ವರದಿ ಮಾಡುವ ಮೆಟ್ರೊ 2 ನಮೂನೆಯಲ್ಲಿ ಏಜೆನ್ಸಿ ತುಂಬುವ ಮೂಲ ಸಾಲದಾತರ ವರ್ಗಸಂಕೇತದ ಮೇಲೆ (ವೈದ್ಯಕೀಯಕ್ಕೆ 02). ಎರಡಂಕಿಯ ಈ ನಮೂದು ತಪ್ಪಿದ್ದರೆ ಅರ್ಜಿದಾರರು ಮೂಲ ಬಿಲ್ ತೋರಿಸಿ ತಿದ್ದಿಸಬೇಕಾದೀತು.

5. ವೈದ್ಯಕೀಯ ಗುರುತು ಕಳಚುವ ಎರಡು ದಾರಿ

(ಅ) ಬಿಲ್ಲನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದರೆ ಅದು ಕಾರ್ಡ್ ಸಾಲವಾಗುತ್ತದೆ. ವೈದ್ಯಕೀಯ ವಿನಾಯಿತಿಗಳು ಅಲ್ಲಿಗೆ ಮುಗಿದವು. ಕರ್ನಾಟಕದ ಓದುಗರಿಗೆ ಪರಿಚಿತವಾದ ದಾರಿ ಇದೊಂದೇ ಎನ್ನಬಹುದು: 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯಡಿ ಆಸ್ಪತ್ರೆ ಸಾಲ ನೀಡುವ ಸಂಸ್ಥೆಯಲ್ಲ. ಹಾಗಾಗಿ ಬಿಲ್ ಸಿಬಿಲ್ ವರದಿಗೆ ನೇರವಾಗಿ ಬರುವುದಿಲ್ಲ. ಅದನ್ನು ತೀರಿಸಲು ತೆಗೆದ ಪರ್ಸನಲ್ ಲೋನ್ ಬರುತ್ತದೆ, ಅದರ ಇಎಂಐ ಗೃಹಸಾಲದ ಅರ್ಹತೆಯನ್ನು ತಗ್ಗಿಸುತ್ತದೆ.

(ಆ) ಏಜೆನ್ಸಿ ದಾವೆ ಹೂಡಿ ಡಿಕ್ರಿ ಪಡೆದರೆ ಎಫ್‌ಎಚ್‌ಎ ಅದನ್ನು ಡಿಕ್ರಿಯೆಂದೇ ಕಾಣುತ್ತದೆ: ತೀರಿಸಬೇಕು, ಇಲ್ಲವೇ ಒಪ್ಪಂದ ಮಾಡಿಕೊಂಡು ಕನಿಷ್ಠ ಮೂರು ತಿಂಗಳ ಕಂತು ಸಕಾಲದಲ್ಲಿ ಕಟ್ಟಿರಬೇಕು, ಮೂರನ್ನೂ ಒಮ್ಮೆಲೇ ಮುಂಗಡ ಕಟ್ಟಿದರೆ ನಡೆಯದು. 2017ರ ಜುಲೈನಿಂದ ಸಿವಿಲ್ ಡಿಕ್ರಿಗಳು ಕ್ರೆಡಿಟ್ ವರದಿಗಳಿಂದ ಬಹುಪಾಲು ಮರೆಯಾಗಿವೆ. ಸ್ಕೋರಿಗೆ ಕಾಣದ ಡಿಕ್ರಿ ನೋಂದಣಿಗೆ ಮುನ್ನ ನಡೆಯುವ ಹಕ್ಕುದಾಖಲೆ ಶೋಧದಲ್ಲಿ ಸಿಗಬಹುದು.