ಮನಿಯೊಳಗ ಬಂದ ಕ್ರಿಸ್ಮಸ್ ಗಿಡ

ಡಿಸೆಂಬರ್ ಹತ್ತು ದಾಟಿತೆಂದರೆ ಜಹೀರಾಬಾದ್ ಬಜಾರದಾಗ ಛತ್ರಿಯ ಹಂಗ ಮಡಚಿ ಬಿಚ್ಚುವ ಪ್ಲಾಸ್ಟಿಕ್ ಗಿಡಗಳು ಮಾರಾಟಕ್ಕೆ ಬರುತ್ತವೆ. ತಾಂಡೂರು, ನಾರಾಯಣಖೇಡದಾಗೂ ಹಂಗೇ. ಮೊಳದುದ್ದದ್ದು ಒಂದು, ಆಳೆತ್ತರದ್ದು ಒಂದು. ಮಗ್ಗುಲಲ್ಲೇ ಬಣ್ಣದ ಗುಂಡು, ಸಣ್ಣ ಗಂಟಿ, ಜರಿ ಹಗ್ಗ, ಮಿಣಮಿಣ ದೀಪದ ಸರ. ಕೊಳ್ಳುವವರು ಕ್ರೈಸ್ತರೇ ಆಗಬೇಕೆಂದಿಲ್ಲ. ಮೊಮ್ಮಕ್ಕಳು ಹಟ ಹಿಡಿದರೆ ಯಾರಾದರೂ ಕೊಳ್ಳುತ್ತಾರೆ. ನಮ್ಮೂರ ಸಾಲಿ ಮಾಸ್ತರರೊಬ್ಬರು ಕೇಳಿದರು: "ಕಾಕಾ, ಈ ಗಿಡ ನಮ್ಮ ಕಡೆ ಹೆಂಗ ಬಂತು?" ನಾನು ಏಳನೇ ತರಗತಿ ಕಲಿತವ, ಹೊಲ ಮಾಡುವವ, ಪದ ಹಾಡುವವ. ಮೊಹರಂ ಅಲಾಯಿಗೂ ಹಾಡಿದ್ದೇನೆ, ಶಿವಭಜನಿಗೂ ಹಾಡಿದ್ದೇನೆ, ಕ್ರಿಸ್ಮಸ್ ರಾತ್ರಿಗೂ ಹಾಡಿದ್ದೇನೆ. ವಾಚನಾಲಯದಾಗ ಓದಿದ್ದು, ಹಿರಿಯರಿಂದ ಕೇಳಿದ್ದು, ಕಣ್ಣಾರೆ ಕಂಡದ್ದು ಮೂರೂ ಕೂಡಿಸಿ ಬರೆಯುತ್ತೇನೆ.

ಮೊದಲು ಒಂದು ಮಾತು. ಯೇಸು ಹುಟ್ಟಿದ ಬೆತ್ಲೆಹೇಮಿನ ಕಥೆಯಲ್ಲಿ ದನದ ಗೋದಲಿ ಅದ, ಕುರಿ ಕಾಯುವವರು ಇದ್ದಾರೆ, ನಕ್ಷತ್ರ ಅದ. ಈ ಗಿಡ ಇಲ್ಲ. ಗಿಡ ಬಂದದ್ದು ಜರ್ಮನ್ ಮಾತಾಡುವ ಸೀಮೆಯಿಂದ. ಅಲ್ಲಿ ಡಿಸೆಂಬರ್ 24 ಆದಾಮ ಮತ್ತು ಹವ್ವಳ ದಿನ. ಅವತ್ತು ಅವರ ಕಥೆಯನ್ನು ಆಟ ಕಟ್ಟಿ ಆಡುವಾಗ, ಆ ಚಳಿಯಲ್ಲೂ ಹಸಿರಾಗಿರುವ ಗಿಡ ತಂದು ಸೇಬುಹಣ್ಣು ಕಟ್ಟುತ್ತಿದ್ದರು. ನಮ್ಮ ಬಯಲಾಟದಾಗ ಒಂದು ಟೊಂಗಿ ನೆಟ್ಟು ಇದೇ ಅಡವಿ ಅಂತೀವಲ್ಲ, ಹಂಗ. ಸ್ಟ್ರಾಸ್‌ಬರ್ಗ್ ಎಂಬ ಊರಲ್ಲಿ 1605ರಲ್ಲಿ ಒಬ್ಬರು ಬರೆದಿಟ್ಟಿದ್ದಾರೆ: ಜನ ಮನೆಯ ಪಡಸಾಲೆಯಲ್ಲಿ ಈ ಗಿಡ ನಿಲ್ಲಿಸಿ ಬಣ್ಣದ ಕಾಗದದ ಗುಲಾಬಿ, ಸೇಬು, ಬೇಗಡಿ, ಮಿಠಾಯಿ ತೂಗಹಾಕುತ್ತಾರೆ ಎಂದು. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಗಂಡ ಆಲ್ಬರ್ಟ್ ಜರ್ಮನಿಯವನು. 1848ರಲ್ಲಿ ಆ ಗಂಡಹೆಂಡತಿ, ಮಕ್ಕಳು ಗಿಡದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಅರಮನೆಯಲ್ಲಿ ಆದದ್ದನ್ನು ಊರು ಮಾಡದೆ ಬಿಡುತ್ತದೆಯೇ? ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಗಿಡ ಹಬ್ಬಿತು.

ಕನ್ನಡ ನಾಡಿಗೆ ಜರ್ಮನ್ ಮಾತಿನ ಪಾದ್ರಿಗಳು ಬಂದದ್ದು 1834ರಲ್ಲಿ, ಮಂಗಳೂರಿಗೆ. ಬಾಸೆಲ್ ಮಿಷನ್ನಿನವರು. ನಮ್ಮ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟು ಅಚ್ಚು ಹಾಕಿಸಿದ ಕಿಟ್ಟೆಲ್, ಇಬ್ಬರೂ ಆ ಬಳಗದವರೇ. ನಮ್ಮ ನಿಜಾಮ ಸೀಮೆಗೆ ಬಂದವರು ಬೇರೆ. ಮೆದಕಿಗೆ ಇಂಗ್ಲೆಂಡಿನವರು, ಬೀದರ ಮತ್ತು ವಿಕಾರಾಬಾದಿಗೆ ಅಮೆರಿಕದ ಮೆಥಡಿಸ್ಟರು. ಮೆದಕಿನ ದೊಡ್ಡ ಗುಡಿಯನ್ನು ಪಾಸ್ನೆಟ್ ಪಾದ್ರಿ ಬರಗಾಲದ ಜನಕ್ಕೆ ಕೆಲಸ ಕೊಟ್ಟು, ಕಾಳು ಕೊಟ್ಟು ಕಟ್ಟಿಸಿದರು. ಹತ್ತು ವರ್ಷದ ಕೆಲಸ. ಬಾಗಿಲು ತೆರೆದದ್ದು 1924ರ ಡಿಸೆಂಬರ್ 25, ಕ್ರಿಸ್ಮಸ್ ದಿನವೇ. ನಮ್ಮ ಹಿರಿಯರು ಆ ಶಿಖರ ನೋಡಲಿಕ್ಕೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಧಾರೂರಿನ ಜಾತ್ರೆಗೆ ಇವತ್ತಿಗೂ ನವೆಂಬರಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ.

ಆಗ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯವು. ತಾಂಡೂರು ಗುಲಬರ್ಗಾದ್ದು. 1956ರ ನವೆಂಬರ್ 1ಕ್ಕೆ ಗೆರೆ ಎಳೆದರು, ನಾವು ಈ ಕಡೆ ಉಳಿದೆವು. ಸಾಲಿಯಾಗ ತೆಲುಗು ಬಂತು. ಆದರೆ ನಮ್ಮೂರ ಕೇರಿಯ ಹಿರಿಯರು ಬೀದರ ಕಡೆಯ ಬೀಗರಿಂದ ತಂದ ಕನ್ನಡ ಕೀರ್ತನೆಯ ಪುಸ್ತಕವನ್ನು ಟ್ರಂಕಿನಾಗ ಬಟ್ಟೆ ಸುತ್ತಿ ಇಟ್ಟಿದ್ದರು. ಕ್ರಿಸ್ಮಸ್ ರಾತ್ರಿ ಅದು ಹೊರಗ ಬರುತ್ತಿತ್ತು. ಒಂದು ಪದ ತೆಲುಗಿನಲ್ಲಿ, ಒಂದು ಕನ್ನಡದಲ್ಲಿ.

ಗಿಡದ ಮಾತಿಗೆ ಬರುತ್ತೇನೆ. ವಿಲಾಯತಿಯ ಆ ಗಿಡ ನಮ್ಮ ಕೆಂಪು ಮಣ್ಣಿನಾಗ, ಎರಿ ಮಣ್ಣಿನಾಗ ಬರುವಂಥದ್ದಲ್ಲ. ಹಂಗಾಗಿ ಸರ್ವಿ ಗಿಡದ ಟೊಂಗಿ ತರುತ್ತಿದ್ದರು. ಅದರ ಎಲಿ ಸೂಜಿಯ ಹಂಗ ಇರುವುದರಿಂದ ದೂರದಿಂದ ನೋಡಿದರೆ ಹೊಂದುತ್ತದೆ. ಸರ್ವಿ ಸಿಗದಿದ್ದರೆ ಸಾಲಿ ಅಂಗಳದ ಮೋರಪಂಖಿ, ಅದೂ ಸಿಗದಿದ್ದರೆ ಬೇವು. ಘಾಸಲೇಟ್ ಎಣ್ಣಿಯ ಖಾಲಿ ಡಬ್ಬಿಯೊಳಗ ಟೊಂಗಿ ನಿಲ್ಲಿಸಿ, ಸುತ್ತ ಕಲ್ಲು ಬಿಗಿದು, ಮ್ಯಾಲ ಹಸಿ ಉಸುಕು ತುಂಬಿ ನೀರು ಹಾಕುತ್ತಿದ್ದರು. ನೀರು ಹಾಕಿದರೆ ಎಂಟು ದಿನ ಬಾಡದೆ ನಿಲ್ಲುತ್ತದೆ. ಡಬ್ಬಿ ಕಾಣಬಾರದೆಂದು ಹಳೆ ಸೀರಿ ಸುತ್ತುವುದು. ಪತಂಗದ ಕಾಗದ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಜೋಳದ ಹಿಟ್ಟಿನ ಅಂಟು ಹಚ್ಚಿ, ಉಂಗುರದಾಗ ಉಂಗುರ ಸೇರಿಸಿ ಸರಪಳಿ ಮಾಡುವುದು ಮಕ್ಕಳ ಕೆಲಸ. ಸಿಗರೇಟ್ ಪಾಕೀಟಿನ ಒಳಗಿನ ಬೇಗಡಿ ವರ್ಷಪೂರ್ತಿ ಆರಿಸಿ ಇಟ್ಟುಕೊಳ್ಳುತ್ತಿದ್ದರು. ಅದರಿಂದ ಚಿಕ್ಕಿ ಮಾಡುವುದು. ಮ್ಯಾಲ ಹೊಲದ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಹಾಕುವುದು. ಅದು ಹಿಮವಂತೆ! ಹಿಮ ಕಂಡವರು ನಮ್ಮ ಮೂರೂ ತಾಲ್ಲೂಕಿನಾಗ ಒಬ್ಬರೂ ಇರಲಿಲ್ಲ, ಆದರೂ ಹತ್ತಿ ಬಿಡುತ್ತಿರಲಿಲ್ಲ.

ಬೆಂಕಿಯದೇ ದೊಡ್ಡ ಅಂಜಿಕೆ. ಜೋಳದ ಕಣಕಿ ಹೊದಿಸಿದ ಮನಿ, ಗಿಡದ ತುಂಬ ಕಾಗದ ಮತ್ತು ಹತ್ತಿ. ಮೇಣಬತ್ತಿಯನ್ನು ಗಿಡಕ್ಕೆ ಕಟ್ಟುವ ಮಾತೇ ಇಲ್ಲ. ಮೂರು ಮೊಳ ದೂರ ಒಂದು ಕಂದೀಲು ಇಟ್ಟರೆ ಬೇಗಡಿಯೇ ಆ ಬೆಳಕಿಗೆ ಮಿನುಗುತ್ತಿತ್ತು. ಅಮೆರಿಕದಲ್ಲಿ ಎಡಿಸನ್ ಕಂಪನಿಯ ಜಾನ್ಸನ್ ಎಂಬಾತ 1882ರಲ್ಲೇ ತನ್ನ ಮನೆಯ ಗಿಡಕ್ಕೆ 80 ವಿದ್ಯುತ್ ಬಲ್ಬು ಹಚ್ಚಿದ್ದನಂತೆ. ನಮ್ಮೂರ ಆ ಕೇರಿಗೆ ಕರೆಂಟು ಬರಲಿಕ್ಕೆ ಅಲ್ಲಿಂದ ಮುಂದ ನೂರು ವರ್ಷ ಹಿಡಿಯಿತು.

ಈಗ ನಾನು ಮುಖ್ಯವೆಂದು ತಿಳಿದದ್ದನ್ನು ಹೇಳುತ್ತೇನೆ. ನಕ್ಷತ್ರ ಹೊರಗ ಬಿದಿರಿನ ತುದಿಗೆ ಇರುತ್ತದೆ, ಅದನ್ನು ನೋಡಲಿಕ್ಕೆ ಯಾರ ಮನಿಗೂ ಹೋಗಬೇಕಿಲ್ಲ. ಗಿಡ ಮನಿಯೊಳಗ ಇರುತ್ತದೆ. ನಮ್ಮ ಕಡೆ ಕ್ರೈಸ್ತರಾದವರು ಬಹುಪಾಲು ಊರ ಹೊರಗಿನ ಕೇರಿಯವರು. ನಾನು ಸಣ್ಣವನಿದ್ದಾಗ ಅವರ ಬಾವಿ ಬೇರೆ, ಚಹಾದ ಬಟ್ಟಲು ಬೇರೆ. ನಮ್ಮ ಹೊಲಕ್ಕೆ ದುಡಿಯಲು ಬರುವ ಒಬ್ಬ ಮುತ್ಯಾ ನಮ್ಮ ಮನಿ ಅಂಗಳದಾಗೇ ನಿಲ್ಲುತ್ತಿದ್ದ, ಪಡಸಾಲಿ ಹತ್ತುತ್ತಿರಲಿಲ್ಲ. ಅವನ ಮನಿಯಾಗ ಗಿಡ ಕೂಡಿಸಿದ್ದಾರೆಂದು ಸುದ್ದಿಯಾಯಿತು. ನಮ್ಮವ್ವ ಅಂದಳು: "ಹೊರಗ ನಿಂತು ನೋಡಿ ಬಾ. ಒಳಗ ಹೋಗಬ್ಯಾಡ, ಏನೂ ತಿನಬ್ಯಾಡ." ನಾವು ಹತ್ತು ಹುಡುಗರು ಹೊಸ್ತಿಲ ಹೊರಗ ಸಾಲಾಗಿ ನಿಂತೆವು. ಮುತ್ಯಾ ನಕ್ಕು, "ಅಲ್ಲಿಂದ ಅರ್ಧ ಗಿಡ ಕಾಣತದ, ಪೂರಾ ನೋಡಬೇಕಂದ್ರ ಒಳಗ ಬರ್ರೆಪಾ" ಅಂದ. ಗಿಡ ಒಳಮೂಲಿಯಾಗ ಇತ್ತು. ಹತ್ತೂ ಮಂದಿ ಒಳಗ ಹೋದೆವು.

ಆಮೇಲೆ ಕೆಲವು ವರ್ಷಕ್ಕೆ ದೊಡ್ಡವರೂ ಹೋಗತೊಡಗಿದರು. ಬಾಳೆಹಣ್ಣು, ಸಕ್ಕರಿ ತಗೊಳ್ಳುತ್ತಿದ್ದರು, ಬೇಯಿಸಿದ್ದಲ್ಲವಲ್ಲ ಎಂಬ ಸಮಾಧಾನ. ಊಟಕ್ಕೆ ಕೂಡಲಿಕ್ಕೆ ಮತ್ತೆ ಹದಿನೈದು ವರ್ಷ ಬೇಕಾಯಿತು. ನಾನು ಹಾಡಲು ಹೋದ ಮೊದಲ ಕ್ರಿಸ್ಮಸ್ಸಿಗೆ ಆ ಮನಿಯಾಗೇ ಉಂಡೆ, ಗಿಡದ ಮುಂದೆಯೇ ದಮ್ಮಡಿ ಬಡಿದೆ. ಅವರು ನಮ್ಮನ್ನು ಒಳಗ ಕರೆದದ್ದು ಮೊದಲು, ಊರು ಅವರನ್ನು ಒಳಗ ಕರೆದದ್ದು ಬಹಳ ತಡ. ಸಾಲಿ ಮಾಸ್ತರರು ಮಕ್ಕಳಿಗೆ ಈ ಗಿಡದ ಪಾಠ ಹೇಳುವುದಾದರೆ ಈ ಲೆಕ್ಕವನ್ನೂ ಹೇಳಬೇಕು.

ಗಿಡ ಪೂಜಿಸುವುದು ಪರದೇಶದ್ದು ಎಂದು ಕೆಲವರು ಆಡಿಕೊಳ್ಳುತ್ತಾರೆ. ಅವರು ಗಿಡವನ್ನು ಪೂಜಿಸುವುದಿಲ್ಲ, ಸಿಂಗಾರ ಮಾಡುತ್ತಾರೆ ಅಷ್ಟೇ. ಇನ್ನು ಗಿಡವನ್ನು ಮನಿಗೆ ತರುವುದು ನಮಗೇನು ಹೊಸದೇ? ಮದುವಿ ಹಂದರಕ್ಕೆ ಹಾಲಗಂಬ ತಂದು ನೆಡುತ್ತೇವೆ. ಬತುಕಮ್ಮಕ್ಕೆ ತಂಗೇಡು ಹೂವನ್ನು ಗೋಪುರದ ಹಂಗ ಏರಿಸಿ ಒಂಬತ್ತನೇ ದಿನ ನೀರಿಗೆ ಬಿಡುತ್ತೇವೆ. ಎಳ್ಳಮವಾಸಿಗೆ ಹೊಲದಾಗ ಜೋಳದ ದಂಟಿನ ಕೊಂಪಿ ಕಟ್ಟಿ, ಐದು ಕಲ್ಲು ಇಟ್ಟು, ಭಜ್ಜಿ ಅಂಬಲಿ ಎಡಿ ಮಾಡುತ್ತೇವೆ.

2022ರಲ್ಲಿ ಎಳ್ಳಮವಾಸಿ ಡಿಸೆಂಬರ್ 23ಕ್ಕೇ ಬಂತು. ಅದೇ ತಿಂಗಳು ತಾಂಡೂರಿನ ತೊಗರಿಗೆ ಸರಕಾರದ ಭೌಗೋಳಿಕ ಗುರುತು ಸಿಕ್ಕಿತೆಂದು ಪೇಪರಿನಾಗ ಬಂದಿತ್ತು. ಆ ವರ್ಷ ತಾಂಡೂರು ಕಡೆಯ ನಮ್ಮ ಭಜನಿ ಗೆಳೆಯನ ಮಗಳು ಪ್ಲಾಸ್ಟಿಕ್ ಗಿಡ ಒಲ್ಲೆನೆಂದು, ಆಗಷ್ಟೇ ಕೊಯ್ದ ತೊಗರಿ ಕಟಗಿಯನ್ನು ಕೆಳಗ ಅಗಲ ಮ್ಯಾಲ ಚೂಪು ಮಾಡಿ ಕಟ್ಟಿ, ನೀಲಿ ಕಲ್ಲಿನ ನೆಲದ ಮ್ಯಾಲ ನಿಲ್ಲಿಸಿದ್ದಳು. ಒಣಗಿದ ಕಾಯಿ ಅಲ್ಲಲ್ಲಿ ಹಂಗೇ ಬಿಟ್ಟಿದ್ದಳು, ಗಾಳಿಗೆ ಗಲಗಲ ಅನ್ನುತ್ತಿದ್ದವು. ಎಳ್ಳಮವಾಸಿ ಮುಗಿಸಿ ನಾವು ಕಡಬು ಕಟ್ಟಿಕೊಂಡು ಹೋಗಿದ್ದೆವು, ಅವರು ಕೇಕು ಕೊಟ್ಟರು. ಜನವರಿ 6ಕ್ಕೆ ಕಾಗದ, ಬೇಗಡಿ ಬಿಚ್ಚಿ ಟ್ರಂಕಿಗೆ ಹಾಕಿದರು. ಕಟಗಿ ನೀರೊಲಿಗೆ ಹೋಯಿತು.