ಬಿದ್ದವರ ಮರಳುವಿಕೆ: ಸಂತ ಸಿಪ್ರಿಯನ್ನರ ಬರಹಗಳಲ್ಲಿ ಕ್ಷಮೆ ಮತ್ತು ಧರ್ಮಸಭೆ

ಧರ್ಮಸಭೆಯ ಪಿತೃಗಳ ಬರಹಗಳನ್ನು ನಾವು ಸಾಮಾನ್ಯವಾಗಿ ತ್ರಿತ್ವ, ಕ್ರಿಸ್ತಶಾಸ್ತ್ರ ಮೊದಲಾದ ಸಿದ್ಧಾಂತಗಳ ಆಕರಗಳೆಂದು ಓದುತ್ತೇವೆ. ಆದರೆ ಮೂರನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಸಿಪ್ರಿಯನ್ನರ ಮುಖ್ಯ ಬರಹಗಳು ಹುಟ್ಟಿದ್ದು ಬೇರೊಂದು ಬಗೆಯ ಪ್ರಶ್ನೆಯಿಂದ. ಹಿಂಸೆಗೆ ಅಂಜಿ ಕ್ರಿಸ್ತರನ್ನು ನಿರಾಕರಿಸಿದ ವಿಶ್ವಾಸಿಯು ಪಶ್ಚಾತ್ತಾಪದಿಂದ ಹಿಂದಿರುಗಿದರೆ ಅವನನ್ನು ಸೇರಿಸಿಕೊಳ್ಳಬಹುದೇ? ಸೇರಿಸಿಕೊಳ್ಳುವ ಅಧಿಕಾರ ಯಾರದು? ಈ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರವೇ ಪಾಶ್ಚಾತ್ಯ ಧರ್ಮಸಭೆಯ ಪ್ರಾಯಶ್ಚಿತ್ತ ಸಂಸ್ಕಾರದ ತಿಳಿವಳಿಕೆಗೆ ಒಂದು ತಳಹದಿಯಾಯಿತು.

ರಾಜಾಜ್ಞೆ ಮತ್ತು ಪತನ

249ರಲ್ಲಿ ಪಟ್ಟವೇರಿದ ರೋಮನ್ ಸಾಮ್ರಾಟ ಡೀಸಿಯಸ್, ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞೆ ಹೊರಡಿಸಿದ. ಬಲಿಯರ್ಪಿಸಿದವರಿಗೆ ಅಧಿಕಾರಿಗಳು ‘ಲಿಬೆಲುಸ್’ ಎಂಬ ಪ್ರಮಾಣಪತ್ರ ನೀಡುತ್ತಿದ್ದರು. ಈಜಿಪ್ಟಿನ ಮರಳಿನಲ್ಲಿ 250ನೆಯ ಇಸವಿಯ ಇಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ದೊರೆತಿವೆ. ತಾನು ಪಾನಾರ್ಪಣೆ ಮಾಡಿ, ಬಲಿಯರ್ಪಿಸಿ, ಬಲಿಯ ಮಾಂಸವನ್ನು ರುಚಿ ನೋಡಿದ್ದೇನೆಂದು ಅರ್ಜಿದಾರನು ಅದರಲ್ಲಿ ಹೇಳಿಕೊಳ್ಳುತ್ತಾನೆ; ಕೆಳಗೆ ಸಾಕ್ಷಿಗಳ ಸಹಿ ಇರುತ್ತದೆ.

ರೋಮಿನಲ್ಲಿ ಪೋಪ್ ಫೇಬಿಯನ್ 250ರ ಜನವರಿಯಲ್ಲಿ ಪ್ರಾಣತೆತ್ತರು. ಆದರೆ ಎಲ್ಲರೂ ಅಂಥ ಧೈರ್ಯ ತೋರಲಿಲ್ಲ. ‘ಬಿದ್ದವರನ್ನು ಕುರಿತು’ ಎಂಬ ತಮ್ಮ ಗ್ರಂಥದಲ್ಲಿ ಸಿಪ್ರಿಯನ್ ಕಾರ್ಥೇಜಿನ ಚಿತ್ರವನ್ನು ಮರೆಮಾಚದೆ ಕೊಡುತ್ತಾರೆ. ಯಾರೂ ಎಳೆದೊಯ್ಯುವ ಮೊದಲೇ ಜನ ತಾವಾಗಿ ಬಲಿಪೀಠದತ್ತ ಓಡಿದರು. ಸಂಜೆಯಾಯಿತು, ನಾಳೆ ಬನ್ನಿ ಎಂದು ಅಧಿಕಾರಿಗಳು ಹೇಳಿದರೂ ಇಂದೇ ಆಗಲೆಂದು ಬೇಡಿಕೊಂಡವರಿದ್ದರು. ದೀರ್ಘಕಾಲದ ನೆಮ್ಮದಿಯಲ್ಲಿ ಆಸ್ತಿಯ ಆಸೆಗೆ ಬಿದ್ದು ಮಂದೆಯನ್ನು ತೊರೆದ ಧರ್ಮಾಧ್ಯಕ್ಷರೂ ಈ ಪತನಕ್ಕೆ ಹೊಣೆಗಾರರೆಂದು ಅವರು ಅದೇ ಗ್ರಂಥದಲ್ಲಿ ಹೇಳುತ್ತಾರೆ.

ಬಿದ್ದವರೆಲ್ಲರೂ ಒಂದೇ ಬಗೆಯವರಲ್ಲ. ಕೆಲವರು ಬಲಿಯರ್ಪಿಸಿದ್ದರು, ಕೆಲವರು ಧೂಪ ಹಾಕಿದ್ದರು, ಇನ್ನು ಕೆಲವರು ಬಲಿಯರ್ಪಿಸದೆಯೇ ಹಣ ಕೊಟ್ಟು ಪ್ರಮಾಣಪತ್ರ ಪಡೆದಿದ್ದರು. ಈ ವ್ಯತ್ಯಾಸಗಳು ಮುಂದಿನ ಚರ್ಚೆಯಲ್ಲಿ ನಿರ್ಣಾಯಕವಾದವು.

ಎರಡು ಸುಲಭ ದಾರಿಗಳು

ಸಿಪ್ರಿಯನ್ನರ ಸ್ಥಿತಿ ಬಿಕ್ಕಟ್ಟಿನದಾಗಿತ್ತು. ಹಿಂಸೆಯ ಆರಂಭದಲ್ಲಿಯೇ ಅವರು ನಗರವನ್ನು ಬಿಟ್ಟು ಮರೆಯಾಗಿ, ಪತ್ರಗಳ ಮೂಲಕ ಸಭೆಯನ್ನು ನಡೆಸುತ್ತಿದ್ದರು. ರೋಮಿನ ಯಾಜಕರು ಇದನ್ನು ಪರೋಕ್ಷವಾಗಿ ಟೀಕಿಸಿದಾಗ, ತಮ್ಮ ನಡೆಯನ್ನು ಸಮರ್ಥಿಸಿ, ತಾವು ಬರೆದಿದ್ದ ಹದಿಮೂರು ಪತ್ರಗಳನ್ನೇ ಅವರಿಗೆ ಕಳುಹಿಸಿಕೊಟ್ಟರು. ಅವರ ಹೆಸರಿನಲ್ಲಿ ಉಳಿದಿರುವ ಎಂಬತ್ತಕ್ಕೂ ಹೆಚ್ಚು ಪತ್ರಗಳ ಸಂಗ್ರಹದಲ್ಲಿ ಈ ಕಾಲದ ಪತ್ರಗಳು ಗಣನೀಯ ಸಂಖ್ಯೆಯಲ್ಲಿವೆ.

ಅತ್ತ ಕಾರಾಗೃಹದಲ್ಲಿ ಯಾತನೆ ಅನುಭವಿಸಿದ ವಿಶ್ವಾಸಸಾಕ್ಷಿಗಳಿಗೆ ಜನರಲ್ಲಿ ಅಪಾರ ಗೌರವವಿತ್ತು. ಬಿದ್ದವರು ಅವರ ಬಳಿಗೆ ಹೋಗಿ ‘ಸಮಾಧಾನಪತ್ರ’ಗಳನ್ನು ಪಡೆಯತೊಡಗಿದರು. ಕೆಲವು ಪತ್ರಗಳಲ್ಲಿ ಒಬ್ಬನ ಹೆಸರಿನ ಜೊತೆಗೆ ‘ಅವನವರು’ ಎಂದಷ್ಟೇ ಇದ್ದು, ಎಷ್ಟು ಮಂದಿಯನ್ನಾದರೂ ಅದರೊಳಗೆ ಸೇರಿಸಬಹುದಿತ್ತು. ಲೂಸಿಯನ್ ಎಂಬ ಸಾಕ್ಷಿಯಂತೂ ಬಿದ್ದವರೆಲ್ಲರಿಗೂ ಸಮಾಧಾನ ನೀಡಲಾಗಿದೆಯೆಂದೇ ಬರೆದ. ಕೆಲವು ಯಾಜಕರು ಯಾವ ಪ್ರಾಯಶ್ಚಿತ್ತವೂ ಇಲ್ಲದೆ ಇಂಥವರಿಗೆ ಪರಮಪ್ರಸಾದ ನೀಡಿದರು. ಸಿಪ್ರಿಯನ್ ಇದನ್ನು ಒಪ್ಪಲಿಲ್ಲ. ಸಾಕ್ಷಿಗಳ ಪ್ರಾರ್ಥನೆಗೆ ದೇವರ ಮುಂದೆ ಬೆಲೆಯುಂಟು, ಆದರೆ ಅದು ಪಶ್ಚಾತ್ತಾಪಕ್ಕೂ ಇಡೀ ಸಭೆಯ ವಿವೇಚನೆಗೂ ಬದಲಿಯಾಗಲಾರದು ಎಂಬುದು ಅವರ ನಿಲುವು. ಮುಚ್ಚಿದ ಗಾಯ ಒಳಗೇ ಕೊಳೆಯುತ್ತದೆ, ವೈದ್ಯನು ಅದನ್ನು ತೆರೆದು ಶುಚಿಗೊಳಿಸಬೇಕು ಎಂಬ ಉಪಮೆಯನ್ನು ಅವರು ಬಳಸುತ್ತಾರೆ.

ಇತ್ತ ರೋಮಿನಲ್ಲಿ ನೊವೇಷಿಯನ್ ಎಂಬ ಯಾಜಕ ಎದುರು ದಿಕ್ಕಿನ ದಾರಿ ಹಿಡಿದ. ತ್ರಿತ್ವವನ್ನು ಕುರಿತು ಲತೀನಿನಲ್ಲಿ ಗ್ರಂಥ ರಚಿಸಿದ ಸಮರ್ಥ ದೈವಶಾಸ್ತ್ರಜ್ಞನೀತ. ಹಿಂದೆ ರೋಮಿನ ಯಾಜಕವರ್ಗದ ಪರವಾಗಿ ಸಿಪ್ರಿಯನ್ನರ ನಿಲುವನ್ನು ಅನುಮೋದಿಸಿ ಬರೆದವನೂ ಈತನೇ. ಆದರೆ 251ರಲ್ಲಿ ಕೊರ್ನೇಲಿಯುಸ್ ಪೋಪರಾಗಿ ಆಯ್ಕೆಯಾದಾಗ ಅವರ ವಿರುದ್ಧ ತಾನೇ ಧರ್ಮಾಧ್ಯಕ್ಷನಾಗಿ ಅಭಿಷಿಕ್ತನಾಗಿ, ಬಿದ್ದವರಿಗೆ ಧರ್ಮಸಭೆಯು ಸಮಾಧಾನ ನೀಡಲೇಬಾರದೆಂದು ಬೋಧಿಸಿದ.

ಮೇಲ್ನೋಟಕ್ಕೆ ವಿರುದ್ಧವಾದ ಈ ಎರಡು ಪಕ್ಷಗಳಲ್ಲಿ ಒಂದು ಸಾಮ್ಯವಿದೆ. ಎರಡಕ್ಕೂ ಬಿದ್ದ ವ್ಯಕ್ತಿಯನ್ನು ಪ್ರತ್ಯೇಕವಾಗಿ ನೋಡುವ ಅಗತ್ಯ ಕಾಣಲಿಲ್ಲ. ಒಂದು ಎಲ್ಲರನ್ನೂ ಒಟ್ಟಾಗಿ ಬಿಡುಗಡೆ ಮಾಡಿತು, ಇನ್ನೊಂದು ಎಲ್ಲರನ್ನೂ ಒಟ್ಟಾಗಿ ಹೊರಗಿಟ್ಟಿತು.

ಕಾರ್ಥೇಜ್ ಸಭೆಯ ತೀರ್ಮಾನ

251ರ ವಸಂತದಲ್ಲಿ ಹಿಂದಿರುಗಿದ ಸಿಪ್ರಿಯನ್ ಆಫ್ರಿಕದ ಧರ್ಮಾಧ್ಯಕ್ಷರ ಸಭೆ ಕರೆದರು. ಪ್ರಮಾಣಪತ್ರ ಮಾತ್ರ ಪಡೆದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಬಹುದು. ಬಲಿಯರ್ಪಿಸಿದವರು ಪ್ರಾಯಶ್ಚಿತ್ತದಲ್ಲಿ ಮುಂದುವರಿಯಬೇಕು, ಮರಣಾಸನ್ನರಾದಾಗ ಅವರಿಗೆ ಸಮಾಧಾನ ನೀಡಬೇಕು ಎಂದು ಸಭೆ ನಿರ್ಣಯಿಸಿತು. ರೋಮಿನಲ್ಲಿ ಕೊರ್ನೇಲಿಯುಸರು ಕರೆದ ಅರವತ್ತು ಧರ್ಮಾಧ್ಯಕ್ಷರ ಸಭೆಯೂ ನೊವೇಷಿಯನ್ನನನ್ನು ತಿರಸ್ಕರಿಸಿ, ಬಿದ್ದವರನ್ನು ಪಶ್ಚಾತ್ತಾಪದ ಔಷಧದಿಂದ ಗುಣಪಡಿಸಬೇಕೆಂದಿತು.

ಈ ತೀರ್ಮಾನದ ದೈವಶಾಸ್ತ್ರವನ್ನು ಸಿಪ್ರಿಯನ್ ವಿವರಿಸುವುದು ಅಂಟೋನಿಯಾನುಸ್ ಎಂಬ ಧರ್ಮಾಧ್ಯಕ್ಷರಿಗೆ ಬರೆದ 55ನೆಯ ಪತ್ರದಲ್ಲಿ. ಪಾಪಗಳೆಲ್ಲವೂ ಸಮಾನವೆಂಬ ಸ್ಟೋಯಿಕ್ ತತ್ತ್ವ ಕ್ರೈಸ್ತರದಲ್ಲ ಎನ್ನುತ್ತಾರೆ ಅವರು. ಕರೆದೊಡನೆ ಬಲಿಗೆ ಧಾವಿಸಿದವನೂ ಬಹುಕಾಲ ಹೋರಾಡಿ ಸೋತವನೂ ಒಂದೇ ಅಲ್ಲ. ಹೆಂಡತಿ ಮಕ್ಕಳನ್ನೂ ಎಳೆದೊಯ್ದವನು ಬೇರೆ. ತಾನೊಬ್ಬನೇ ಹೋಗಿ ಮನೆಮಂದಿಯನ್ನು ಕಾಪಾಡಿದವನು ಬೇರೆ. ಅನಂತರ ಅವರು ಒಳ್ಳೆಯ ಸಮಾರಿಯದವನ ಸಾಮತಿಯನ್ನು ನೆನಪಿಸುತ್ತಾರೆ. ಗಾಯಗೊಂಡ ಸಹೋದರ ರಣರಂಗದಲ್ಲಿ ಬಿದ್ದಿದ್ದಾನೆ. ಅವನನ್ನು ಕೊಂದುಮುಗಿಸಲು ಸೈತಾನ ಹವಣಿಸುತ್ತಿದ್ದಾನೆ, ಕ್ರಿಸ್ತರು ಅವನನ್ನು ಉಳಿಸಿಕೊಳ್ಳಬಯಸುತ್ತಾರೆ. ಆ ಯಾಜಕನಂತೆ, ಲೇವಿಯನಂತೆ ಪಕ್ಕಕ್ಕೆ ಸರಿದು ಹೋದರೆ ನಾವು ಯಾರ ಪಕ್ಷದಲ್ಲಿ ನಿಂತಂತಾಯಿತು ಎಂಬುದು ಅವರ ಪ್ರಶ್ನೆ.

ಆ ತೀರ್ಮಾನವೂ ಕೊನೆಯ ಮಾತಾಗಲಿಲ್ಲ. ಸಾಮ್ರಾಟ ಗಾಲುಸನ ಕಾಲದಲ್ಲಿ ಹೊಸ ಹಿಂಸೆಯ ಭೀತಿ ಮೂಡಿದಾಗ, ಪ್ರಾಯಶ್ಚಿತ್ತದಲ್ಲಿದ್ದವರೆಲ್ಲರಿಗೂ ಸಮಾಧಾನ ನೀಡಲು ಆಫ್ರಿಕದ ಧರ್ಮಾಧ್ಯಕ್ಷರು ನಿರ್ಧರಿಸಿದರು. ಕ್ರಿಸ್ತರಿಗಾಗಿ ರಕ್ತ ಸುರಿಸಲು ಜನರನ್ನು ಕರೆಯುವ ಸಭೆಯು, ಕ್ರಿಸ್ತರ ರಕ್ತದ ಪಾತ್ರೆಯನ್ನು ಅವರಿಗೆ ನಿರಾಕರಿಸುವಂತಿಲ್ಲ ಎಂಬುದು ಅವರ ವಾದ. ಪರಮಪ್ರಸಾದವು ಇಲ್ಲಿ ಹೋರಾಟಕ್ಕೆ ಹೊರಟವರ ಬಲವಾಗಿದೆ.

ಮಿತಿ ಮತ್ತು ಕೊಡುಗೆ

ಸಿಪ್ರಿಯನ್ನರ ನಿಲುವಿನಲ್ಲಿ ಇಂದು ನಾವು ಒಪ್ಪಲಾಗದ ಕಠೋರತೆಯೂ ಇದೆ. ಆರೋಗ್ಯವಿದ್ದಾಗ ಪಶ್ಚಾತ್ತಾಪದ ಯಾವ ಗುರುತನ್ನೂ ತೋರದೆ, ಸಾವು ಸಮೀಪಿಸಿದಾಗ ಮಾತ್ರ ಕ್ಷಮೆ ಕೇಳುವವರಿಗೆ ಸಮಾಧಾನ ನೀಡಬಾರದೆಂದು ಅದೇ 55ನೆಯ ಪತ್ರ ಹೇಳುತ್ತದೆ. ಮರಣಾಸನ್ನನು ಯಾವಾಗ ಬೇಡಿದರೂ ಧರ್ಮಸಭೆ ಇಂದು ಅವನನ್ನು ತಿರಸ್ಕರಿಸುವುದಿಲ್ಲ. ಪಿತೃಗಳನ್ನು ಗೌರವಿಸುವುದೆಂದರೆ ಅವರ ಪ್ರತಿಯೊಂದು ಶಿಸ್ತಿನ ನಿಯಮವನ್ನೂ ಮರಳಿ ತರುವುದಲ್ಲ.

ಆದರೂ ಅವರ ಮೂಲ ಒಳನೋಟ ಉಳಿದುಬಂದಿದೆ. ಪಾಪವು ಇಡೀ ದೇಹಕ್ಕಾದ ಗಾಯ, ಆದುದರಿಂದ ದೇವರೊಡನೆ ಸಂಧಾನವು ಧರ್ಮಸಭೆಯೊಡನೆ ಸಂಧಾನವೂ ಹೌದು. ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದ 11ನೆಯ ಪರಿಚ್ಛೇದದಲ್ಲಿ ಇದನ್ನೇ ಮತ್ತೆ ಬೋಧಿಸಿತು. ಪಾಪನಿವೇದನೆಯನ್ನು ಕೇವಲ ಖಾಸಗಿ ಸಮಾಧಾನವೆಂದು ಭಾವಿಸುವ ವಿಶ್ವಾಸಿಗಳಿಗೂ, ಅದನ್ನು ಅವಸರದಲ್ಲಿ ಮುಗಿಸುವ ಯಾಜಕರಾದ ನಮಗೂ ಈ ಬೋಧನೆ ಅನ್ವಯಿಸುತ್ತದೆ. ಎದುರಿಗೆ ಬಂದವನು ಹೇಗೆ ಬಿದ್ದ, ಎಷ್ಟು ಹೋರಾಡಿದ ಎಂದು ತಾಳ್ಮೆಯಿಂದ ಕೇಳುವುದೂ ನಮ್ಮ ಸೇವೆಯ ಭಾಗ.

257ರಲ್ಲಿ ಸಾಮ್ರಾಟ ವಲೇರಿಯನ್ನನ ಕಾಲದ ಹಿಂಸೆಯಲ್ಲಿ ಸಿಪ್ರಿಯನ್ ಗಡೀಪಾರಾದರು. ಮರುವರ್ಷ, ತಮ್ಮ ಜನರ ನಡುವೆಯೇ ಸಾಕ್ಷಿ ನುಡಿಯಬೇಕೆಂದು ಬಯಸಿ, 258ರ ಸೆಪ್ಟೆಂಬರ್ 14ರಂದು ಕಾರ್ಥೇಜಿನಲ್ಲಿ ಶಿರಚ್ಛೇದನಕ್ಕೆ ಒಳಗಾದರು. ರೋಮನ್ ಪೂಜಾವಿಧಿಯ ಮೊದಲ ಕೃತಜ್ಞತಾ ಪ್ರಾರ್ಥನೆಯಲ್ಲಿ ಕೊರ್ನೇಲಿಯುಸ್ ಮತ್ತು ಸಿಪ್ರಿಯನ್ನರ ಹೆಸರುಗಳನ್ನು ಒಟ್ಟಿಗೆ ಸ್ಮರಿಸಲಾಗುತ್ತದೆ. ಸೆಪ್ಟೆಂಬರ್ 16 ಅವರಿಬ್ಬರ ಸ್ಮರಣೆಯ ದಿನ. ಬಿದ್ದವರಿಗಾಗಿ ಬಾಗಿಲನ್ನು ತೆರೆದಿಟ್ಟ ಈ ಇಬ್ಬರು ಕುರಿಗಾಹಿಗಳನ್ನು ಬಲಿಪೀಠದ ಬಳಿ ನೆನೆಯುವಾಗ, ಅವರು ಹೊತ್ತಿದ್ದ ಹೊಣೆ ಈಗ ನಮ್ಮದಾಗಿದೆ ಎಂಬುದನ್ನೂ ನೆನೆಯಬೇಕಾಗಿದೆ.